ಭತ್ತದ ದುಂಡಾಣು ಅಂಗಮಾರಿಗೆ ಜೀನ್ ಎಡಿಟಿಂಗ್: ಗುಂಪಿನ ಪ್ರಶ್ನೆಗಳು, ಸಸ್ಯರೋಗ ತಜ್ಞೆಯ ಉತ್ತರಗಳು

ಪ್ರಶ್ನೆ (ಭತ್ತದ ಬೆಳೆಗಾರ, ಪಾಂಡವಪುರ): ಮೇಡಂ, ನಮಸ್ಕಾರ. ಐಆರ್ 64 ಹಾಕಿದ್ದೇನೆ. ಹೊಡೆ ಬರುವ ಹೊತ್ತಿಗೆ ಗಾಳಿ ಮಳೆ ಜೋರಾಯ್ತು. ಅದಾದ ಮೇಲೆ ಗರಿಗಳು ತುದಿಯಿಂದ ಹಳದಿಯಾಗಿ, ಅಂಚು ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿವೆ. ಔಷಧಿ ಅಂಗಡಿಯಲ್ಲಿ ಮೊದಲು ಬೆಂಕಿ ರೋಗ ಅಂದರು, ಒಂದು ಬಾಟಲಿ ಕೊಟ್ಟರು. ಕೇಳಲಿಲ್ಲ. ಆಮೇಲೆ ದುಂಡಾಣು ಅಂದರು, ಇನ್ನೊಂದು ಪೊಟ್ಟಣ ಕೊಟ್ಟರು. ದುಡ್ಡು ಹೋಯ್ತು, ರೋಗ ಹಾಗೇ ಇದೆ. ಈಗ ಮಗ ಫೋನಿನಲ್ಲಿ ತೋರಿಸ್ತಾನೆ, ಜೀನ್ ಎಡಿಟಿಂಗ್ ಮಾಡಿದ ಭತ್ತ ಬಂದಿದೆ, ಅದಕ್ಕೆ ಈ ರೋಗ ಬರಲ್ಲ ಅಂತ. ನಿಜವಾ? ಬೀಜ ಎಲ್ಲಿ ಸಿಗುತ್ತೆ?

ಉತ್ತರ: ನಮಸ್ಕಾರ ಸರ್. ಮೊದಲು ಕೊನೆಯ ಪ್ರಶ್ನೆಗೇ ಬರುತ್ತೇನೆ. ಈ ರೋಗ ತಡೆಯುವ ಎಡಿಟ್ ಮಾಡಿದ ಬೀಜ ನಮ್ಮ ಅಂಗಡಿಗಳಲ್ಲಿ ಇಲ್ಲ. ಯಾರಾದರೂ ಹಾಗಂತ ಹೇಳಿ ಚೀಲ ಮಾರಿದರೆ ತಗೋಬೇಡಿ.

ನಿಮ್ಮ ಮಗ ನೋಡಿದ್ದು ಬಹುಶಃ 2025ರ ಮೇ ತಿಂಗಳ ಸುದ್ದಿ ಇರಬೇಕು. ಆಗ ಕೇಂದ್ರ ಸರ್ಕಾರ ಜೀನ್ ಎಡಿಟಿಂಗ್ ಮಾಡಿದ ಎರಡು ಭತ್ತದ ತಳಿಗಳನ್ನು ಘೋಷಿಸಿತು. ಒಂದು ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಅದನ್ನು ಕಮಲಾ ಅಂತಲೂ ಕರೆಯುತ್ತಾರೆ. ಸಾಂಬಾ ಮಸೂರಿಯಿಂದ ಮಾಡಿದ್ದು, ತೆನೆಯಲ್ಲಿ ಕಾಳು ಜಾಸ್ತಿ ಆಗಲಿ ಅಂತ. ಇನ್ನೊಂದು ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಡಿಎಸ್‌ಟಿ ರೈಸ್ 1. ನಿಮಗೆಲ್ಲ ಗೊತ್ತಿರುವ ಎಂಟಿಯು 1010ರಿಂದ ಮಾಡಿದ್ದು, ಬರ ಮತ್ತು ಚೌಳು ತಡೆಯಲಿ ಅಂತ. ಎರಡೂ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿಗಾಗಿ ಮಾಡಿದವಲ್ಲ.

ಆದರೆ ಅಂಗಮಾರಿ ತಡೆಯುವ ಎಡಿಟಿಂಗ್ ಬರೀ ಮಾತಲ್ಲ. 2019ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಅದನ್ನು ಮಾಡಿ ತೋರಿಸಿದ್ದಾರೆ. ಅವರು ಆರಿಸಿಕೊಂಡ ತಳಿಗಳಲ್ಲಿ ನಿಮ್ಮ ಗದ್ದೆಯಲ್ಲಿರುವ ಐಆರ್ 64 ಕೂಡ ಒಂದು.

ಅದಕ್ಕೂ ಮೊದಲು, ನಿಮ್ಮದು ಯಾವ ರೋಗ ಅಂತ ಗಟ್ಟಿ ಮಾಡಿಕೊಳ್ಳಿ. ಬೆಂಕಿ ರೋಗ ಶಿಲೀಂಧ್ರದಿಂದ ಬರುತ್ತೆ. ಗರಿಯ ಮಧ್ಯದಲ್ಲಿ ಎರಡು ಕಡೆ ಚೂಪಾದ ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕಂದು. ಅಂಗಮಾರಿ ತುದಿಯಿಂದ ಅಥವಾ ಅಂಚಿನಿಂದ ಶುರುವಾಗಿ ಅಲೆಅಲೆಯಾಗಿ ಕೆಳಗಿಳಿಯುತ್ತೆ. ಇನ್ನೂ ಅನುಮಾನ ಇದ್ದರೆ ಹಸಿರು ಮತ್ತು ಹಳದಿ ಸೇರುವ ಜಾಗದಲ್ಲಿ ಗರಿಯನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ ಅದರಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತು ಬಿಟ್ಟು ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ನೀರಿಗೆ ಇಳಿಯುತ್ತಿದ್ದರೆ ಅದು ಬ್ಯಾಕ್ಟೀರಿಯಾ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಔಷಧಿ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು.

ಪ್ರಶ್ನೆ (ಅದೇ ಬೆಳೆಗಾರ): ಮಾಡಿದೆ ಮೇಡಂ. ಎಳೆ ಇಳಿಯಿತು. ಈಗೇನು ಹೊಡೀಲಿ?

ಉತ್ತರ: ಏನನ್ನೂ ಹೊಡೆಯುವ ಆತುರ ಬೇಡ. ಈ ಬ್ಯಾಕ್ಟೀರಿಯಾ ಇರುವುದು ಗರಿಯ ನರದೊಳಗೆ, ನೀರು ಹರಿಯುವ ಕೊಳವೆಯಲ್ಲಿ. ಮೇಲೆ ಹೊಡೆದದ್ದು ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಆಂಟಿಬಯೋಟಿಕ್ ಪೊಟ್ಟಣಗಳನ್ನಂತೂ ಗದ್ದೆಗೆ ಸುರಿಯಬೇಡಿ. ಮನುಷ್ಯರಿಗೆ ಬೇಕಾದ ಮದ್ದು ಅದು. ಹಾಗೆ ಸುರಿದಷ್ಟೂ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತೆ.

ಯೂರಿಯಾ ನಿಲ್ಲಿಸಿ. ಗದ್ದೆಯಲ್ಲಿ ನಿಂತ ನೀರು ಬಸಿದು ಕೆಲವು ದಿನ ಆರಲು ಬಿಡಿ. ಬೆಳಗ್ಗೆ ಇಬ್ಬನಿ ಇರುವಾಗ ಗದ್ದೆಗೆ ಇಳಿಯಬೇಡಿ, ಬಟ್ಟೆಗೆ ಅಂಟಿಕೊಂಡು ಹರಡುತ್ತೆ. ಪೊಟ್ಯಾಷ್ ಕೊಟ್ಟಿಲ್ಲದಿದ್ದರೆ ಎಷ್ಟು ಕೊಡಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಈಗಾಗಲೇ ಒಣಗಿದ ಗರಿ ಮತ್ತೆ ಹಸಿರಾಗುವುದಿಲ್ಲ. ಮೇಲಿನ ಗರಿ ಉಳಿದರೆ ಕಾಳು ಕಟ್ಟುತ್ತೆ, ಅಷ್ಟನ್ನು ಉಳಿಸಿಕೊಳ್ಳಿ.

ಈ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬೇಡಿ. ಊಟಕ್ಕೆ, ಮಾರಾಟಕ್ಕೆ ಏನೂ ತೊಂದರೆ ಇಲ್ಲ.

ಪ್ರಶ್ನೆ (ಶಾಲಾ ಶಿಕ್ಷಕರು, ಶ್ರೀರಂಗಪಟ್ಟಣ): ಎಡಿಟ್ ಮಾಡುವುದು ಅಂದರೆ ಭತ್ತದ ಒಳಗೆ ಏನನ್ನು ಬದಲಾಯಿಸುತ್ತಾರೆ? ನಮಗೆ ಅರ್ಥವಾಗುವ ಹಾಗೆ ಹೇಳಿ ಮೇಡಂ.

ಉತ್ತರ: ನಾಲೆ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ ಸರ್. ಭತ್ತದ ಗಿಡ ಗರಿಯಲ್ಲಿ ಸಕ್ಕರೆ ತಯಾರಿಸುತ್ತೆ. ಅದನ್ನು ಬೇಕಾದ ಕಡೆ ಬಿಡಲು ಜೀವಕೋಶದ ಪೊರೆಯಲ್ಲಿ ಸಣ್ಣ ತೂಬುಗಳಿವೆ. ಈ ತೂಬು ಕಟ್ಟುವ ಜೀನ್‌ಗಳಿಗೆ ಸ್ವೀಟ್ ಜೀನ್‌ಗಳು ಅಂತ ಹೆಸರು. ಯಾವ ತೂಬು ಯಾವಾಗ ತೆರೆಯಬೇಕು ಅನ್ನುವುದು ಗಿಡದ ಕೈಯಲ್ಲಿದೆ, ನೀರುಗಂಟಿ ಇದ್ದ ಹಾಗೆ.

ಬ್ಯಾಕ್ಟೀರಿಯಾ ಏನು ಮಾಡುತ್ತೆ ಅಂದರೆ, ಒಂದು ಸಣ್ಣ ನಳಿಕೆಯಿಂದ ತನ್ನ ಪ್ರೋಟೀನನ್ನು ಗಿಡದ ಜೀವಕೋಶದೊಳಗೆ ಚುಚ್ಚುತ್ತೆ. ಆ ಪ್ರೋಟೀನ್ ನೆಟ್ಟಗೆ ಡಿಎನ್‌ಎ ಹತ್ತಿರ ಹೋಗಿ, ಸ್ವೀಟ್ ಜೀನಿನ ಮುಂದಿರುವ ಸ್ವಿಚ್ಚಿನ ಜಾಗವನ್ನು ಅಕ್ಷರ ಅಕ್ಷರವಾಗಿ ಓದಿ, ಅಲ್ಲಿ ಕೂತು ಜೀನನ್ನು ಆನ್ ಮಾಡುತ್ತೆ. ಕಳ್ಳ ಬೀಗದಕೈ ಹಾಕಿ ರಾತ್ರಿ ತೂಬು ಎತ್ತಿದ ಹಾಗೆ. ಸಕ್ಕರೆ ಹೊರಗೆ ಹರಿಯುತ್ತೆ, ಬ್ಯಾಕ್ಟೀರಿಯಾ ಕುಡಿದು ಕೊಬ್ಬುತ್ತೆ. ಮುಂದೆ ಕೊಳವೆಗಳು ಕಟ್ಟಿಕೊಂಡು ಗರಿ ಒಣಗುತ್ತೆ.

ಎಡಿಟಿಂಗ್ ಮಾಡುವವರು ತೂಬನ್ನು ಮುಟ್ಟುವುದಿಲ್ಲ, ಬೀಗವನ್ನು ಮಾತ್ರ ಬದಲಾಯಿಸುತ್ತಾರೆ. ಭತ್ತದ ಡಿಎನ್‌ಎಯಲ್ಲಿ ಸುಮಾರು 40 ಕೋಟಿ ಅಕ್ಷರಗಳಿವೆ. ಅದರಲ್ಲಿ ಬ್ಯಾಕ್ಟೀರಿಯಾ ಬಂದು ಕೂರುವ ಇಪ್ಪತ್ತು ಚಿಲ್ಲರೆ ಅಕ್ಷರಗಳ ಜಾಗದಲ್ಲಿ ಕೆಲವೇ ಅಕ್ಷರಗಳನ್ನು ತೆಗೆಯುತ್ತಾರೆ ಅಥವಾ ಸೇರಿಸುತ್ತಾರೆ. ಆಮೇಲೆ ಕಳ್ಳ ಬೀಗದಕೈ ಕೂರುವುದಿಲ್ಲ. ಗಿಡದ ಸ್ವಂತ ಕೆಲಸ ಎಂದಿನಂತೆ ನಡೆಯುತ್ತೆ.

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಮೈಸೂರು): ಆ ಸ್ವೀಟ್ ಜೀನನ್ನೇ ಪೂರ್ತಿ ಕೆಡಿಸಿದರೆ ಇನ್ನೂ ಸುಲಭ ಅಲ್ವಾ ಮೇಡಂ? ಬರೀ ಪ್ರೊಮೋಟರ್, ಅಂದರೆ ಆ ಸ್ವಿಚ್ಚಿನ ಜಾಗ ಮಾತ್ರ ಯಾಕೆ?

ಉತ್ತರ: ಕೆಡಿಸುವುದು ಸುಲಭವೇನೋ ಹೌದಮ್ಮ. ಆದರೆ ಸ್ವೀಟ್ 11 ಅನ್ನುವ ಜೀನ್ ಕಾಳು ತುಂಬುವಾಗ ಗಿಡಕ್ಕೇ ಬೇಕು. ಅದನ್ನು ಕೆಡಿಸಿದರೆ ರೋಗ ಬರಲಿಕ್ಕಿಲ್ಲ, ಕಾಳೂ ಸರಿಯಾಗಿ ತುಂಬುವುದಿಲ್ಲ. ಜಳ್ಳು ಭತ್ತ ಕೊಟ್ಟರೆ ರೈತರು ನಮ್ಮನ್ನು ಗದ್ದೆ ಬದುವಿಗೂ ಸೇರಿಸಲ್ಲ.

ನೀನು ಓದುವ ವಿಷಯ ಅಂತ ಇನ್ನೊಂದು ಹೇಳುತ್ತೇನೆ. ಈ ಬ್ಯಾಕ್ಟೀರಿಯಾದ ಪ್ರೋಟೀನ್ ಡಿಎನ್‌ಎಯನ್ನು ಹೇಗೆ ಓದುತ್ತೆ ಅನ್ನುವ ಗುಟ್ಟು 2009ರಲ್ಲಿ ಬಯಲಾಯಿತು. ಅದೇ ಗುಟ್ಟನ್ನು ಬಳಸಿ ವಿಜ್ಞಾನಿಗಳು ಟಾಲೆನ್ ಅನ್ನುವ ಡಿಎನ್‌ಎ ಕತ್ತರಿ ಮಾಡಿದರು. 2012ರಲ್ಲಿ ಅಮೆರಿಕದ ಐಯೋವಾದಲ್ಲಿ ಆ ಕತ್ತರಿಯಿಂದಲೇ ಭತ್ತದ ಸ್ವೀಟ್ 14ರ ಸ್ವಿಚ್ಚನ್ನು ತಿದ್ದಿ ಅಂಗಮಾರಿಯನ್ನು ತಡೆದರು. ಕಳ್ಳನ ವಿದ್ಯೆಯನ್ನೇ ಕಲಿತು ಕಳ್ಳನನ್ನು ಹಿಡಿದದ್ದು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಅದೇ ವರ್ಷ ಕ್ರಿಸ್ಪರ್ ಅನ್ನುವ ಇನ್ನೊಂದು ಡಿಎನ್‌ಎ ಕತ್ತರಿ ಬಂತು, ಕೆಲಸ ಇನ್ನೂ ಸಲೀಸಾಯ್ತು. 2020ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಬ್ಯಾಕ್ಟೀರಿಯಾ ಹೊಸ ಬೀಗದಕೈ ಮಾಡಿಕೊಂಡರೆ?

ಉತ್ತರ: ಮಾಡಿಕೊಳ್ಳುತ್ತೆ. ಇಲ್ಲಿ ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಬೀಜ ಯಾವಾಗ ಬರುತ್ತೆ ಅನ್ನುವುದಕ್ಕಿಂತ ಇದು ಮುಖ್ಯ.

ಎಡಿಟಿಂಗ್ ಬರುವ ಮುಂಚೆಯೇ ಭತ್ತದಲ್ಲಿ ಎಕ್ಸ್‌ಎ 13 ಅನ್ನುವ ನಿರೋಧಕ ಗುಣ ತಾನಾಗಿಯೇ ಇತ್ತು. ಬಿಡಿಸಿ ನೋಡಿದಾಗ ಗೊತ್ತಾದದ್ದು, ಅದು ಸ್ವೀಟ್ 11ರ ಸ್ವಿಚ್ಚಿನಲ್ಲಿ ಆಗಿದ್ದ ಬದಲಾವಣೆ ಅಂತ. ಈಗ ನಾವು ಲ್ಯಾಬಿನಲ್ಲಿ ಮಾಡುವುದನ್ನು ಪ್ರಕೃತಿ ಎಂದೋ ಮಾಡಿತ್ತು. ಆದರೆ ಅದೊಂದೇ ಸಾಲಲಿಲ್ಲ. ಸ್ವೀಟ್ 13, ಸ್ವೀಟ್ 14 ತೂಬುಗಳನ್ನು ತೆರೆಯಬಲ್ಲ ಬ್ಯಾಕ್ಟೀರಿಯಾ ಬಂದರೆ ಎಕ್ಸ್‌ಎ 13 ಇದ್ದೂ ಗಿಡ ಸೋಲುತ್ತೆ.

ಅದಕ್ಕೇ 2019ರ ಕೆಲಸದಲ್ಲಿ ಮೊದಲು 63 ಬ್ಯಾಕ್ಟೀರಿಯಾ ಮಾದರಿಗಳನ್ನು ತೆಗೆದುಕೊಂಡು, ಯಾವುದರ ಹತ್ತಿರ ಯಾವ ಬೀಗದಕೈ ಇದೆ ಅಂತ ಪಟ್ಟಿ ಮಾಡಿದರು. ಆಮೇಲೆ ಮೂರು ಸ್ವೀಟ್ ಜೀನ್‌ಗಳ ಬೀಗಗಳನ್ನು ಒಟ್ಟಿಗೇ ಬದಲಾಯಿಸಿದರು. ಎಲ್ಲ ಕಡೆ ಒಂದೇ ಸಲ ಬಾಗಿಲು ಮುಚ್ಚಿದರೆ ಬ್ಯಾಕ್ಟೀರಿಯಾಗೆ ದಾರಿ ಹುಡುಕುವುದು ಕಷ್ಟ. ಪೂರ್ವ ಆಫ್ರಿಕಾದ ಕೊಂಬೋಕಾ ಅನ್ನುವ ತಳಿಯಲ್ಲೂ 2023ರಲ್ಲಿ ಇದನ್ನು ಮಾಡಿದ್ದಾರೆ. ಟಾಂಜಾನಿಯಾದಲ್ಲಿ ಏಷ್ಯಾ ಕಡೆಯ ಮಾದರಿಯ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತ್ತು, ಅಲ್ಲಿನವರಿಗೆ ಗಾಬರಿಯಾಗಿತ್ತು.

ನಾನು ಹೇಳಬೇಕಾದದ್ದು ಇಷ್ಟೇ. ನಮಗೆ ಬೀಜ ಮಾಡುವವರು ನಮ್ಮ ಗದ್ದೆಗಳ ಬ್ಯಾಕ್ಟೀರಿಯಾವನ್ನು ಮೊದಲು ನೋಡಬೇಕು. ವಿಸಿ ನಾಲೆ, ವರುಣಾ ನಾಲೆ, ಕಬಿನಿ ಬಯಲು, ಇಲ್ಲೆಲ್ಲ ಯಾವ ಯಾವ ಬೀಗದಕೈ ಇವೆ ಅಂತ ಮೊದಲು ಪಟ್ಟಿಯಾಗಬೇಕು. ಪ್ರತಿ ವರ್ಷ ರೋಗದ ಗರಿಗಳನ್ನು ತರಿಸಿ ನೋಡುತ್ತಾ ಇರಬೇಕು. ಈ ಕೆಲಸಕ್ಕೆ ಪೇಪರಿನಲ್ಲಿ ಫೋಟೋ ಬರುವುದಿಲ್ಲ, ದುಡ್ಡೂ ಕಷ್ಟದಿಂದ ಸಿಗುತ್ತೆ. ಆದರೆ ಇದಿಲ್ಲದೆ ಎಡಿಟ್ ಮಾಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಪ್ರಶ್ನೆ (ಕೃಷಿ ಕಾರ್ಮಿಕ ಮಹಿಳೆ, ನಾಟಿ ಕೆಲಸ, ಕೆ.ಆರ್. ಪೇಟೆ): ಅಕ್ಕ, ಪೈರು ಉದ್ದ ಬಂದರೆ ತುದಿ ಕತ್ತರಿಸಿ ನಾಟಿ ಮಾಡಿ ಅಂತಾರೆ. ಅದರಿಂದಲೂ ಬರುತ್ತಾ?

ಉತ್ತರ: ಬರುತ್ತಮ್ಮ. ಒಳ್ಳೆ ಪ್ರಶ್ನೆ ಕೇಳಿದೆ. ಲ್ಯಾಬಿನಲ್ಲಿ ನಾವು ಗಿಡಕ್ಕೆ ಬೇಕಂತಲೇ ಈ ರೋಗ ಹತ್ತಿಸುವುದು ಹೇಗೆ ಗೊತ್ತಾ? ಬ್ಯಾಕ್ಟೀರಿಯಾ ಕದಡಿದ ನೀರಿಗೆ ಕತ್ತರಿ ಅದ್ದಿ, ಗರಿಯ ತುದಿ ಕತ್ತರಿಸುತ್ತೇವೆ. ಎರಡು ವಾರ ಬಿಟ್ಟು, ಕತ್ತರಿಸಿದ ಜಾಗದಿಂದ ಎಷ್ಟುದ್ದ ಒಣಗಿದೆ ಅಂತ ಸ್ಕೇಲಿಟ್ಟು ಅಳೆಯುತ್ತೇವೆ. ಸಾಮಾನ್ಯ ತಳಿಯಾದರೆ ಗೇಣುದ್ದ ಒಣಗಿರುತ್ತೆ. ನಿರೋಧಕ ತಳಿಯಾದರೆ ಕತ್ತರಿಸಿದ ಹತ್ತಿರವೇ ನಿಂತಿರುತ್ತೆ.

ಒಟ್ಲಲ್ಲಿ ಪೈರಿನ ಕಟ್ಟು ಹಿಡಿದು ಕುಡುಗೋಲಿನಿಂದ ಕೊಯ್ಯುವಾಗ ಆಗುವುದೂ ಅದೇ. ಒಂದು ಕಟ್ಟಿನಲ್ಲಿ ರೋಗ ಇದ್ದರೆ ಕುಡುಗೋಲು ಅದನ್ನು ಉಳಿದ ಕಟ್ಟುಗಳಿಗೆಲ್ಲ ಹಂಚುತ್ತೆ. ಯಜಮಾನರಿಗೆ ಹೇಳು, ತುದಿ ಕತ್ತರಿಸುವುದು ಬೇಡ ಅಂತ. ಪೈರು ಬಲಿಯುವ ಮುಂಚೆ ನಾಟಿ ಮಾಡಿಸಲಿ.

ಪ್ರಶ್ನೆ (ಸಾವಯವ ಕೃಷಿಕರು, ಮದ್ದೂರು): ಇದೆಲ್ಲ ಬಿಟಿ ಹತ್ತಿಯ ಇನ್ನೊಂದು ವೇಷ ಅಲ್ವಾ? ಹೆಸರು ಬದಲಾಯಿಸಿ ಹಿಂಬಾಗಿಲಿಂದ ತರ್ತಾ ಇದ್ದಾರೆ. ನಾಳೆ ಬೀಜಕ್ಕೆ ಕಂಪನಿ ಮುಂದೆ ನಿಲ್ಲಬೇಕಾಗುತ್ತೆ.

ಉತ್ತರ: ಎರಡು ಮಾತು ಸೇರಿವೆ, ಬೇರೆ ಬೇರೆ ಮಾಡಿ ಹೇಳುತ್ತೇನೆ.

2002ರಲ್ಲಿ ಬಂದ ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ತಂದು ಹತ್ತಿಗೆ ಸೇರಿಸಿದ್ದರು. ಇಲ್ಲಿ ಹೊರಗಿನ ಜೀನ್ ಕೊನೆಗೆ ಉಳಿಯುವುದಿಲ್ಲ. ಕತ್ತರಿಸುವ ಉಪಕರಣವನ್ನು ಗಿಡದೊಳಗೆ ಸೇರಿಸಬೇಕಾಗುತ್ತೆ, ಅದು ನಿಜ. ಆದರೆ ಮುಂದಿನ ಪೀಳಿಗೆಯಲ್ಲಿ ಅದು ಇಲ್ಲದ ಸಸಿಗಳೂ ಹುಟ್ಟುತ್ತವೆ. ಅಂಥವನ್ನು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ, ಉಳಿದವನ್ನು ಬಿಸಾಡುತ್ತಾರೆ. ಉಳಿಯುವುದು ಕೆಲವು ಅಕ್ಷರಗಳ ಬದಲಾವಣೆ. ಇಂಥ ಗಿಡಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಹೊರಗಿನ ಜೀನ್ ಉಳಿದಿಲ್ಲ ಅಂತ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ತೋರಿಸಬೇಕು. ಹೊರಗಿನ ಜೀನ್ ಸೇರಿಸಿದ್ದಕ್ಕೆ ಹಳೆಯ ನಿಯಮವೇ ಇದೆ.

ವಿಜ್ಞಾನದ ದೃಷ್ಟಿಯಿಂದ ಆ ವಿನಾಯಿತಿ ಸರಿ ಅಂತಲೇ ನನ್ನ ಅಭಿಪ್ರಾಯ. ಗಾಮಾ ಕಿರಣ ಹಾಯಿಸಿ ಮಾಡಿದ ತಳಿಗಳನ್ನು ನಾವು ದಶಕಗಳಿಂದ ಬೆಳೆಯುತ್ತಿದ್ದೇವೆ. ಅವುಗಳಲ್ಲಿ ಎಲ್ಲೆಲ್ಲಿ ಏನೇನು ಬದಲಾಗಿದೆ ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ. ಎಡಿಟಿಂಗ್‌ನಲ್ಲೂ ಬೇಡದ ಜಾಗದಲ್ಲಿ ಕತ್ತರಿ ಬೀಳಬಹುದು. ಆದರೆ ಈಗ ಡಿಎನ್‌ಎ ಪೂರ್ತಿ ಓದಿ ಅದನ್ನು ಹುಡುಕಬಹುದು. ಹುಡುಕಲೇಬೇಕು, ಫಲಿತಾಂಶವನ್ನು ಎಲ್ಲರ ಮುಂದಿಡಬೇಕು. ಬೀಜದ ಚೀಲದ ಮೇಲೆ ಎಡಿಟ್ ಮಾಡಿದ್ದು ಅಂತ ಬರೆಯಬೇಕು ಅನ್ನುವವರ ಪಕ್ಷ ನಾನು. ಬೇಡ ಅನ್ನುವ ಹಕ್ಕು ನಿಮಗಿದೆ, ಅದನ್ನು ಬಳಸಲು ಗೊತ್ತಾಗಬೇಕಲ್ಲ.

ಬೀಜದ ಒಡೆತನದ ಬಗ್ಗೆ ನಿಮ್ಮ ಭಯ ಸುಮ್ನೆ ಅಲ್ಲ. ಕ್ರಿಸ್ಪರ್ ಉಪಕರಣದ ಮೇಲೆ ವಿದೇಶದ ಸಂಸ್ಥೆಗಳ, ಕಂಪನಿಗಳ ಪೇಟೆಂಟ್‌ಗಳಿವೆ. ಇನ್ನೊಂದು ಕಡೆ ನಮ್ಮ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಅದರ ಪ್ರಕಾರ ಬೀಜ ಎತ್ತಿಡುವುದು, ಮತ್ತೆ ಬಿತ್ತುವುದು, ಪಕ್ಕದವರಿಗೆ ಕೊಡುವುದು ರೈತರ ಹಕ್ಕು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಅಂಗಮಾರಿ ನಿರೋಧಕ ಭತ್ತ ಸರ್ಕಾರಿ ಸಂಸ್ಥೆಗಳ ಕೈಯಿಂದ, ಹೈಬ್ರಿಡ್ ಅಲ್ಲದ ತಳಿಗಳಲ್ಲಿ ಬರಬೇಕು. ನಿಮ್ಮ ಸಂಘ ಕೇಳಬೇಕಾದದ್ದು ಅದನ್ನು.

ಪ್ರಶ್ನೆ (ಶುಂಠಿ ಬೆಳೆಗಾರ, ಹುಣಸೂರು): ಭತ್ತದ ಮಾತೇ ಆಯ್ತು. ನಮ್ಮ ಶುಂಠಿ ಸೊರಗು ರೋಗಕ್ಕೆ ಏನಾದರೂ ಇದೆಯಾ? ಅದೂ ಬ್ಯಾಕ್ಟೀರಿಯಾ ಅಂತಾರೆ.

ಉತ್ತರ: ಹೌದು, ಹಸಿರಾಗಿದ್ದಾಗಲೇ ಸೊರಗುವ ರೋಗ ಬ್ಯಾಕ್ಟೀರಿಯಾದ್ದು. ಆದರೆ ಅದು ರಾಲ್ಸ್ಟೋನಿಯಾ, ಜಾತಿಯೇ ಬೇರೆ. ಮಣ್ಣಿನಿಂದ ಬೇರಿಗೆ ನುಗ್ಗುತ್ತೆ. ಭತ್ತದಲ್ಲಿ ಸಿಕ್ಕ ಹಾಗೆ ಒಂದೆರಡು ಬೀಗ ಬದಲಾಯಿಸಿ ಮುಗಿಸುವ ದಾರಿ ಅಲ್ಲಿಲ್ಲ. ಇನ್ನೊಂದು ತೊಡಕು, ಶುಂಠಿಯಲ್ಲಿ ಬೀಜ ಕಟ್ಟುವುದಿಲ್ಲ, ಗೆಡ್ಡೆಯಿಂದಲೇ ಬೆಳೆಸುತ್ತೇವೆ. ಭತ್ತದಲ್ಲಿ ಮುಂದಿನ ಪೀಳಿಗೆಯಲ್ಲಿ ಕತ್ತರಿ ಉಪಕರಣವನ್ನು ಬಿಡಿಸಿಕೊಳ್ಳುವ ಹಾಗೆ ಇಲ್ಲಿ ಆಗುವುದಿಲ್ಲ. ಸದ್ಯಕ್ಕೆ ರೋಗವಿಲ್ಲದ ಹೊಲದ ಗೆಡ್ಡೆ ತನ್ನಿ, ನೀರು ನಿಲ್ಲದಂತೆ ಏರು ಮಡಿ ಮಾಡಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಹಾಕಬೇಡಿ.

ಪ್ರಶ್ನೆ (ನಂಜನಗೂಡು): ರಸಬಾಳೆ ಉಳಿಸೋಕೆ ಇದೇ ಎಡಿಟಿಂಗ್ ಆಗಲ್ವಾ?

ಉತ್ತರ: ರಸಬಾಳೆಯನ್ನು ಹಾಳು ಮಾಡಿದ ಪನಾಮಾ ಸೊರಗು ಶಿಲೀಂಧ್ರದ್ದು, ಈ ವಿಧಾನ ಅಲ್ಲಿಗೆ ಹೊಂದುವುದಿಲ್ಲ. ಬಾಳೆಗೆ ಬರುವ ಬ್ಯಾಕ್ಟೀರಿಯಾ ಸೊರಗು ಪೂರ್ವ ಆಫ್ರಿಕಾದಲ್ಲಿ ದೊಡ್ಡ ತಲೆನೋವು. ಅದಕ್ಕೆ ಕೀನ್ಯಾದಲ್ಲಿ ಎಡಿಟಿಂಗ್ ಕೆಲಸ ನಡೆಯುತ್ತಿದೆ.

ಪ್ರಶ್ನೆ (ಹೆಸರು ಬೇಡ): ರಾಗಿ?

ಉತ್ತರ: ರಾಗಿಯ ದೊಡ್ಡ ಶತ್ರು ಬೆಂಕಿ ರೋಗ, ಅದು ಶಿಲೀಂಧ್ರ. ಇನ್ನೊಂದು ದಿನ ಬರೆಯುತ್ತೇನೆ.

ಪ್ರಶ್ನೆ (ಗೃಹಿಣಿ, ಮೈಸೂರು): ಇಂಥ ಅಕ್ಕಿಯ ಅನ್ನ ರುಚಿ ಬದಲಾಗುತ್ತಾ? ಮಕ್ಕಳಿಗೆ ಕೊಡಬಹುದಾ?

ಉತ್ತರ: ತಿದ್ದುವುದು ಸ್ವಿಚ್ಚಿನ ಜಾಗವನ್ನು, ಅದರಿಂದ ಅಕ್ಕಿಗೆ ಹೊಸ ಪ್ರೋಟೀನ್ ಯಾವುದೂ ಸೇರುವುದಿಲ್ಲ. ಐಆರ್ 64 ಐಆರ್ 64 ಆಗಿಯೇ ಇರಬೇಕು. ಹಾಗಿದೆಯಾ ಅಂತ ಬಿಡುಗಡೆಗೆ ಮುಂಚೆ ಬೇಯಿಸಿ, ಅಳೆದು ನೋಡುತ್ತಾರೆ. ಈಗಲೂ ರೋಗ ಬಂದ ಗದ್ದೆಯ ಅಕ್ಕಿ ನಮ್ಮ ತಟ್ಟೆಗೆ ಬರುತ್ತಲೇ ಇದೆ. ಈ ಬ್ಯಾಕ್ಟೀರಿಯಾ ಮನುಷ್ಯರಿಗೆ ರೋಗ ತರುವಂಥದ್ದಲ್ಲ.

ಪ್ರಶ್ನೆ (ಬೆಳೆಗಾರ, ಮಳವಳ್ಳಿ): ಎಡಿಟಿಂಗ್ ಬರುವಷ್ಟರಲ್ಲಿ ನಾವು ಏನು ಹಾಕೋಣ? ನಿರೋಧಕ ತಳಿ ಬೇರೆ ಯಾವುದಾದರೂ ಇದೆಯಾ?

ಉತ್ತರ: ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಸುಧಾರಿತ ಸಾಂಬಾ ಮಸೂರಿ ಅಂತ, 2008ರಲ್ಲಿ ಬಿಡುಗಡೆಯಾದದ್ದು. ತುಂಗಭದ್ರಾ ಕಡೆಯವರು ಬಿಪಿಟಿ 5204 ಅಂತಾರಲ್ಲ, ಅದಕ್ಕೆ ಹೈದರಾಬಾದಿನ ಎರಡು ಸರ್ಕಾರಿ ಸಂಸ್ಥೆಗಳು ಸೇರಿ ಮೂರು ನಿರೋಧಕ ಜೀನ್‌ಗಳನ್ನು ಕೂಡಿಸಿದವು. ಎಕ್ಸ್‌ಎ 21, ಎಕ್ಸ್‌ಎ 13, ಎಕ್ಸ್‌ಎ 5. ಎಕ್ಸ್‌ಎ 21 ಆಫ್ರಿಕಾದ ಕಾಡು ಭತ್ತದಿಂದ ಬಂದದ್ದು. ಇದೆಲ್ಲ ಹೂವಿಗೆ ಹೂವು ಕೂಡಿಸಿ, ಡಿಎನ್‌ಎ ಗುರುತು ಹಿಡಿದು ಆರಿಸಿದ ಕೆಲಸ. ಕುಲಾಂತರಿ ಅಲ್ಲ, ಎಡಿಟಿಂಗೂ ಅಲ್ಲ. ಮೇಲೆ ಪ್ರಶ್ನೆ ಕೇಳಿದ ಮದ್ದೂರಿನವರೂ ಹಾಕಬಹುದು.

ಸಣ್ಣಕ್ಕಿ, ಊಟಕ್ಕೆ ಚೆನ್ನಾಗಿದೆ. ಅವಧಿ ಐಆರ್ 64ಕ್ಕಿಂತ ಜಾಸ್ತಿ. ನಾಲೆ ನೀರು ತಡವಾಗಿ ಬಿಟ್ಟ ವರ್ಷ ಕೊನೆಗೆ ನೀರು ಸಾಲದೆ ಹೋಗಬಹುದು, ನೋಡಿಕೊಳ್ಳಿ. ನಿಮ್ಮ ಕಡೆ ಜ್ಯೋತಿಯಂಥ ಕೆಂಪಕ್ಕಿಗೆ ಗಿರಾಕಿ ಇದ್ದರೆ ಇದು ಅದಕ್ಕೆ ಬದಲಿಯಲ್ಲ. ಮೊದಲು ಒಂದು ತಾಕಿನಲ್ಲಿ ಹಾಕಿ ನೋಡಿ. ಬೀಜಕ್ಕೆ, ನಿಮ್ಮ ಮಣ್ಣಿಗೆ ಹೊಂದುವ ಬೇರೆ ತಳಿಗಳಿಗೆ ಮಂಡ್ಯದ ವಿಸಿ ಫಾರಂನಲ್ಲಿ ವಿಚಾರಿಸಿ.

ಎಡಿಟಿಂಗ್‌ನ ಲಾಭ ಇಲ್ಲೇ ಇದೆ. ಕೂಡಿಸುವ ವಿಧಾನದಲ್ಲಿ ಬೇಕಾದ ಜೀನಿನ ಜೊತೆ ಬೇಡದ ಗುಣಗಳೂ ಅಂಟಿಕೊಂಡು ಬರುತ್ತವೆ. ಅವನ್ನು ಬಿಡಿಸಲು ಪೀಳಿಗೆ ಪೀಳಿಗೆ ಮೂಲ ತಳಿಯ ಜೊತೆ ಮತ್ತೆ ಮತ್ತೆ ಕೂಡಿಸುತ್ತಾ ಹೋಗಬೇಕು. ಎಡಿಟಿಂಗ್‌ನಲ್ಲಿ ಜ್ಯೋತಿಯನ್ನು ಜ್ಯೋತಿಯಾಗಿಯೇ ಇಟ್ಟು ಬೀಗ ಮಾತ್ರ ಬದಲಾಯಿಸಬಹುದು.

ಪ್ರಶ್ನೆ (ಅದೇ ಬೆಳೆಗಾರ, ಮಳವಳ್ಳಿ): ನನ್ನದು ಇಳಿಜಾರಿನಲ್ಲಿ ಕೊನೇ ಗದ್ದೆ. ಮೇಲಿನವರ ಗದ್ದೆಗೆ ರೋಗ ಬಂದಿದೆ, ಅವರ ನೀರೇ ನನಗೆ ಇಳಿಯೋದು. ನಿರೋಧಕ ತಳಿ ಹಾಕಿದರೆ ಚಿಂತೆ ಇಲ್ಲವಾ?

ಉತ್ತರ: ಚಿಂತೆ ಕಮ್ಮಿಯಾಗುತ್ತೆ, ಪೂರ್ತಿ ಹೋಗುವುದಿಲ್ಲ. ಮೇಲಿನವರ ಜೊತೆ ಮಾತಾಡಿ, ಅವರ ನೀರನ್ನು ನಿಮ್ಮ ಗದ್ದೆಯ ಬದಲು ಪಕ್ಕದ ಬಸಿಗಾಲುವೆಗೆ ಬಿಡಿಸಿ. ನಿಮಗೆ ಬೇರೆ ತೂಬಿನಿಂದ ನೀರು ಸಿಗುತ್ತಾ ಅಂತ ನೀರುಗಂಟಿಯನ್ನು ಕೇಳಿ. ಕೊಯ್ಲಾದ ಮೇಲೆ ಇಬ್ಬರೂ ಕೂಳೆ ಚಿಗುರಲು ಬಿಡದೆ ಉಳುಮೆ ಮಾಡಿಸಿ, ಆ ಚಿಗುರಿನಲ್ಲೂ ಬದುವಿನ ಹುಲ್ಲಿನಲ್ಲೂ ಬ್ಯಾಕ್ಟೀರಿಯಾ ಮುಂದಿನ ಬೆಳೆಯವರೆಗೆ ಉಳಿಯುತ್ತೆ. ಮೇಲಿನವರ ಗದ್ದೆಯ ಒಂದೆರಡು ಗರಿ ಕಿತ್ತು, ನೆರಳಲ್ಲಿ ಒಣಗಿಸಿ, ಪೇಪರಿನಲ್ಲಿ ಸುತ್ತಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ, ಕೊಳೆಯುತ್ತೆ. ಊರು, ತಳಿ, ತಾರೀಖು ಬರೆದಿಡಿ, ಪರೀಕ್ಷೆಗೆ ಬೇಕಾಗುತ್ತೆ.